ಮುತ್ತಾತನ ಹೆಸರು ಆನ್‌ಲೈನ್‌ನಲ್ಲಿ ಹುಡುಕಿ ಸಾಕಾಯಿತು, ದಾರಿ ಗೊತ್ತಿದ್ದವರು ಹೇಳಿ

ಹಿರೋಡೆ ಹೈದ

ಎಲ್ಲರಿಗೂ ನಮಸ್ಕಾರ. ಊರು ಪಾಂಡವಪುರ ತಾಲೂಕು, ಈಗ ಇರುವುದು ಮೈಸೂರು ಕುವೆಂಪುನಗರ. ಮೂರು ವಾರದಿಂದ ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ನಮ್ಮ ಮುತ್ತಾತನನ್ನು ಹುಡುಕುತ್ತಿದ್ದೇನೆ. "ಬದುಕಿರೋ ಅಪ್ಪಂಗೆ ಫೋನ್ ಮಾಡಕ್ಕೆ ಪುರುಸೊತ್ತಿಲ್ಲ, ಸತ್ತಿರೋ ಮುತ್ತಾತಂಗೆ ಮೂರು ಗಂಟೆ" ಅಂತ ಮನೆಯವಳ ಕಾಮೆಂಟರಿ ಬೇರೆ.

ಗೊತ್ತಿರುವುದು ಇಷ್ಟೇ. ಹೆಸರು ಬೋರೇಗೌಡ. ಕನ್ನಂಬಾಡಿ ಕಟ್ಟೆ ಕಟ್ಟುವಾಗ ಊರು ಮುಳುಗಡೆ ಆಗಿ, ಎತ್ತಿನ ಗಾಡಿಗೆ ಮನೆದೇವರ ಪೆಟ್ಟಿಗೆ, ಒಂದು ತಾಮ್ರದ ಹಂಡೆ ಹೇರಿಕೊಂಡು ಈಗಿನ ಊರಿಗೆ ಬಂದರಂತೆ. ಮುಳುಗಿದ ಊರು ಯಾವುದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಾತ ತೀರಿಕೊಂಡು 20 ವರ್ಷ ಆಯಿತು. "ರಕ್ತಾಕ್ಷಿ ಹೊಳೆ ಬಂದಾಗ ನಾನು ತೊಟ್ಟಿಲಲ್ಲಿದ್ದೆ" ಅನ್ನುತ್ತಿದ್ದರು, ಅದು ಯಾವ ವರ್ಷವೋ. ಮುತ್ತಜ್ಜಿಯ ಹೆಸರಂತೂ ಯಾರಿಗೂ ಗೊತ್ತಿಲ್ಲ. ಅಪ್ಪನನ್ನು ಕೇಳಿದರೆ "ಅಜ್ಜಿ ಅಂತಿದ್ವಿ, ಹೆಸರು ತಗೊಂಡು ಏನ್ ಮಾಡ್ಬೇಕಾಗಿತ್ತು" ಅಂದರು.

ಫ್ಯಾಮಿಲಿಸರ್ಚ್ ಅನ್ನೋ ವಂಶ ಹುಡುಕುವ ಸೈಟು ನೋಡಿದೆ, ಫ್ರೀ ಅಂತ. ಬೋರೇಗೌಡ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಏಳೆಂಟು ತರ ಬರೆದು ಹೊಡೆದೆ. ಗೌಡ ಅಂತ ಹೊಡೆದರೆ ನೆದರ್ಲೆಂಡ್ಸ್‌ನ ಗೌಡಾ ಅನ್ನೋ ಊರಿನ ಜನ ಬರುತ್ತಾರೆ, ಚೀಸ್‌ಗೆ ಹೆಸರಾದ ಊರು ಅದು. ಇನ್ನೊಂದು ದುಡ್ಡಿನ ಸೈಟು (ಹೆಸರು ಬೇಡ) ಎರಡು ವಾರ ಫ್ರೀ ಅಂತ ಕಾರ್ಡ್ ನಂಬರ್ ತಗೊಂಡು, ನಾನು ಕ್ಯಾನ್ಸಲ್ ಮಾಡೋದು ಮರೆತ ಮಾರನೇ ದಿನವೇ ವರ್ಷದ ದುಡ್ಡು ಕಿತ್ತುಕೊಂಡಿತು. ಸಿಕ್ಕಿದ್ದು ಸೊನ್ನೆ. ನಮ್ಮಂಥವರಿಗೆ ಇದೆಲ್ಲ ಆಗೋ ಕೆಲಸವಾ, ಸುಮ್ನೆ ಬಿಟ್ಟುಬಿಡಲಾ?

ಹಳೇ ಸರ್ವೇದಾರ

ಬಿಡಬೇಡಿ. ಹುಡುಕುತ್ತಿರುವ ರೀತಿ ಮಾತ್ರ ಬಿಡಿ. ನೀವು ಹೆಸರು ಹುಡುಕುತ್ತಿದ್ದೀರಿ. ನಮ್ಮ ಕಡೆ ಹೆಸರು ಹುಡುಕಿದರೆ ಯಾರೂ ಸಿಗುವುದಿಲ್ಲ, ಯಾಕೆಂದರೆ ಎಲ್ಲರೂ ಸಿಗುತ್ತಾರೆ. ಒಂದೊಂದು ಊರಲ್ಲಿ ಹತ್ತು ಬೋರೇಗೌಡ ಇರುತ್ತಾರೆ. ತಾತನ ಹೆಸರು ಮೊಮ್ಮಗನಿಗೆ ಇಟ್ಟು ಇಟ್ಟು, ಬೋರೇಗೌಡನ ಮಗ ಮರೀಗೌಡ, ಅವನ ಮಗ ಮತ್ತೆ ಬೋರೇಗೌಡ. ಹೆಸರು ಸುತ್ತುತ್ತಾ ಇರುತ್ತದೆ, ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ. ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಿ.

ಇಲಾಖೆಯಲ್ಲಿ ಮೂವತ್ತು ವರ್ಷ ಚೈನು ಎಳೆದವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮಪ್ಪನ ಹೆಸರಲ್ಲಿರುವ ಜಮೀನಿನ ಪಹಣಿಯನ್ನು ಭೂಮಿ ವೆಬ್‌ಸೈಟ್‌ನಲ್ಲಿ ತೆಗೆಯಿರಿ. ಎಲ್ಲರೂ 9ನೇ ಕಾಲಂ ನೋಡಿ ಮುಚ್ಚುತ್ತಾರೆ, ಅಲ್ಲಿ ಮಾಲೀಕರ ಹೆಸರು ಇರುತ್ತದೆ ಅಂತ. ನಿಮಗೆ ಬೇಕಾಗಿರುವುದು 10ನೇ ಕಾಲಂ, ಸ್ವಾಧೀನಕ್ಕೆ ಬಂದ ರೀತಿ. ಅಲ್ಲಿ ಒಂದು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಖಾತೆ ಬದಲಾವಣೆ ಬರೆಯುವ ಪುಸ್ತಕ) ನಂಬರ್, ಒಂದು ವರ್ಷ ಇರುತ್ತದೆ. ಅದೇ ಬೀಗದ ಕೈ. ಆ ಎಂ.ಆರ್. ಕ್ರಯದ್ದೋ, ವಿಭಾಗದ್ದೋ, ಪೌತಿಯದೋ (ಮಾಲೀಕರು ಸತ್ತಾಗಿನದು) ನೋಡಿ. ಪೌತಿ ಆದರೆ ಹಬ್ಬ. ಯಾರು ಸತ್ತರು, ವಾರಸುದಾರರು ಯಾರ್ಯಾರು ಅಂತ ಬರೆದೇ ಖಾತೆ ಬದಲಾಯಿಸಿರುತ್ತಾರೆ. ವಂಶವೃಕ್ಷ ಅಂತ ನೀವು ಕರೆಯೋದು ಅದನ್ನೇ ಅಲ್ವಾ?

ಇನ್ನೊಂದು. ಹಿಸ್ಸಾ ನಂಬರ್, ಅಂದರೆ ಸರ್ವೆ ನಂಬರಿನ ತುಂಡಿನ ನಂಬರ್, ಓದೋದು ಕಲಿಯಿರಿ. ಈಗ 45/1, 45/2, 45/3 ಅಂತ ಮೂರು ಜನ ಬೇರೆ ಬೇರೆ ಇದ್ದರೆ, ಒಂದು ಕಾಲದಲ್ಲಿ ಅದು ಬರೀ 45 ಆಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ಪೋಡಿ (ಜಮೀನು ತುಂಡು ಮಾಡಿ ಬೇರೆ ನಂಬರ್ ಕೊಡುವುದು) ಆಗಿರುವ ಸಾಧ್ಯತೆ ಜಾಸ್ತಿ. ಮಾರಿದ್ದಕ್ಕೂ ಪೋಡಿ ಆಗುತ್ತದೆ, ಆದ್ದರಿಂದ ಎಲ್ಲರೂ ನೆಂಟರು ಅಂತ ತೀರ್ಮಾನ ಮಾಡಿ ಹಬ್ಬಕ್ಕೆ ಕರೆಯಬೇಡಿ. ಅಕ್ಕಪಕ್ಕದ ಹಿಸ್ಸಾದವರನ್ನು ಮಾತಾಡಿಸಿ, ಅವರ ಮನೆದೇವರು ನಿಮ್ಮದೇನಾ ಕೇಳಿ. ಹೊಲದಲ್ಲೇ ನಿಂತು ದಿಶಾಂಕ್ ಆ್ಯಪ್ ತೆಗೆದರೆ ಕಾಲಡಿ ಇರುವುದು ಯಾವ ನಂಬರ್ ಅಂತ ತೋರಿಸುತ್ತದೆ.

ಭೂಮಿಯಲ್ಲಿ ಸುಮಾರು 2000ದಿಂದ ಈಚಿನ ಪಹಣಿ ಮಾತ್ರ ಸಿಗುತ್ತದೆ, ಕಂಪ್ಯೂಟರಿಗೆ ಏರಿಸಿದ್ದೇ ಆಗ. ಅದಕ್ಕೂ ಹಿಂದಿನದು ಕೈಬರಹ. ಇನ್ನೂ ಹಿಂದಕ್ಕೆ ಹೋದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳು, ಸರ್ವೇ ಟಿಪ್ಪಣಿ (ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ). ಇವು ತಾಲೂಕು ಕಚೇರಿ ರೆಕಾರ್ಡ್ ರೂಮಲ್ಲಿ, ಸರ್ವೇ ಆಫೀಸಲ್ಲಿ ಇರುತ್ತವೆ. ಭೂ ಸುರಕ್ಷಾ ಅಂತ ಹಳೇ ಕಡತ ಸ್ಕ್ಯಾನ್ ಮಾಡುವ ಯೋಜನೆ ನಡೆಯುತ್ತಿದೆ, ನಿಮ್ಮ ಗ್ರಾಮದ್ದು ಬಂದಿದೆಯಾ ಒಮ್ಮೆ ನೋಡಿ. ಇಲ್ಲದಿದ್ದರೆ ನಕಲಿಗೆ ಅರ್ಜಿ ಹಾಕಿ, ಎರಡು ಸಲ ತಿರುಗಿ.

ರಕ್ತಾಕ್ಷಿ ಅನ್ನುವುದು ಸಂವತ್ಸರದ ಹೆಸರು, ಅಂದರೆ 1924-25. ಆ ವರ್ಷ ಜುಲೈನಲ್ಲಿ ಕಾವೇರಿಗೆ ದೊಡ್ಡ ಪ್ರವಾಹ ಬಂತು, ನಿಮ್ಮ ತಾತ ಹೇಳುತ್ತಿದ್ದುದು ಅದನ್ನೇ. ತೊಟ್ಟಿಲಲ್ಲಿದ್ದೆ ಅಂದರೆ ಹುಟ್ಟಿದ್ದು 1923-24ರ ಸುಮಾರಿಗೆ.

ಒಂಟಿಕೊಪ್ಪಲ್ ಅಕ್ಕ

ಸಾರ್ ಚೆನ್ನಾಗಿ ಹೇಳಿದರು. ಆದರೆ ಶಾಲೆಯ ದಾಖಲೆ ನೋಡಿ ತಾತ ಹುಟ್ಟಿದ್ದು 1928 ಅಂತ ಬಂದರೆ ಗಾಬರಿಯಾಗಬೇಡಿ. ನಾನು ಮೇಷ್ಟ್ರಾಗಿದ್ದವಳು. ಹುಟ್ಟಿದ ದಿನ ಅಪ್ಪ ಅಮ್ಮಂದಿರಿಗೇ ನೆನಪಿಲ್ಲದಿದ್ದರೆ ಮೇಷ್ಟ್ರು ಮಗುವಿನ ಬಲಗೈ ತಲೆ ಮೇಲಿಂದ ಹಾಕಿಸಿ ಎಡಕಿವಿ ಮುಟ್ಟುತ್ತದಾ ನೋಡಿ ವಯಸ್ಸು ಬರೆಯುತ್ತಿದ್ದರು. ಅರ್ಧ ಮೈಸೂರು ಜಿಲ್ಲೆ ಜೂನ್ ಒಂದಕ್ಕೆ ಹುಟ್ಟಿರೋದು ಯಾಕೆ ಅಂದುಕೊಂಡಿರಿ?

ಹೆಂಗಸರ ಹೆಸರಿಗೆ ಒಂದು ಮಾತು. ಕಂದಾಯ ದಾಖಲೆಯಲ್ಲಿ ಗಂಡಸಿಗೆ "ಬಿನ್" ಅಂತ, ಹೆಂಗಸಿಗೆ "ಕೋಂ" ಅಂತ ಬರೆಯುತ್ತಾರೆ. ಇಂಥವನ ಮಗ, ಇಂಥವನ ಹೆಂಡತಿ ಅಂತ ಅರ್ಥ. ನಿಮಗೆ ಬೇಕಾದ ಮುತ್ತಜ್ಜಿ "ಕೋಂ ಬೋರೇಗೌಡ"ದ ಹಿಂದೆ ಕೂತಿರುತ್ತಾಳೆ, ಗಂಡ ಸತ್ತ ಮೇಲೆ ಮಾತ್ರ ಕಾಣಿಸಿಕೊಳ್ಳುತ್ತಾಳೆ. ಹೆಣ್ಣುಮಕ್ಕಳ ಹೆಸರು ಹಳೇ ಪೌತಿಗಳಲ್ಲಿ ಬರೆಯದೇ ಬಿಟ್ಟಿರುವುದೇ ಹೆಚ್ಚು. ನಮ್ಮ ಮನೆಯಲ್ಲಿ ನಮ್ಮ ತಾಯಿಯ ಮೂವರು ಅಕ್ಕಂದಿರು ದಾಖಲೆಯಲ್ಲಿ ಹುಟ್ಟಿಯೇ ಇಲ್ಲ.

2002ರ ಮತದಾರರ ಪಟ್ಟಿ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ, ಮತಗಟ್ಟೆ ಪ್ರಕಾರ. ಹೆಸರು ಟೈಪ್ ಮಾಡಿ ಹುಡುಕಲು ಆಗದಿದ್ದರೆ ಬೆರಳಿಟ್ಟು ಓದಬೇಕು. ಆದರೆ ಮನೆ ನಂಬರ್, ಗಂಡನ ಅಥವಾ ತಂದೆಯ ಹೆಸರು, ವಯಸ್ಸು ಎಲ್ಲ ಇದೆ. ಆಗ 80 ವರ್ಷ ಆಗಿದ್ದ ಅಜ್ಜಿ 1922ರ ಸುಮಾರಿಗೆ ಹುಟ್ಟಿದವರು ಅಲ್ವಾ? ಒಂದೇ ಮನೆ ನಂಬರಲ್ಲಿ ಯಾರ್ಯಾರಿದ್ದರು ಅಂತ ನೋಡಿದರೆ ಕೂಡು ಕುಟುಂಬದ ಚಿತ್ರ ಸಿಗುತ್ತದೆ.

ಅಟ್ಟದ ಮೇಲಿನ ಪಾತ್ರೆಗಳನ್ನೂ ಇಳಿಸಿ ನೋಡಿ. ಹಿಂದೆ ಪಾತ್ರೆಗೆ ಹೆಸರು ಹೊಡೆಸುತ್ತಿದ್ದರು. ನನಗೆ ಸಿಕ್ಕ ಅತಿ ಹಳೇ ದಾಖಲೆ ನಮ್ಮಜ್ಜಿಯ ಹಿತ್ತಾಳೆ ಕೊಳದಪ್ಪಲೆ.

ಮದ್ದೂರು ಟು ನ್ಯೂಜೆರ್ಸಿ

ಇಲ್ಲಿ ನಮ್ಮ ಆಫೀಸಿನವರು ಮುತ್ತಾತನ ಮನೆಯಲ್ಲಿ ಯಾರ್ಯಾರಿದ್ದರು ಅಂತ ಐದು ನಿಮಿಷಕ್ಕೆ ತೆಗೆದು ತೋರಿಸಿದಾಗ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಆದಮೇಲೆ ಬಿಡುತ್ತಾರೆ, 1950ರದ್ದು 2022ರಲ್ಲಿ ಬಂತು. ಇಂಗ್ಲೆಂಡಿನವರು 100 ವರ್ಷಕ್ಕೆ ಬಿಡುತ್ತಾರೆ. ನಾನೂ ಮೊದಲು 1931ರ ಮೈಸೂರು ಜನಗಣತಿಯಲ್ಲಿ ನಮ್ಮ ತಾತನ ಹೆಸರು ಇರುತ್ತದೆ ಅಂತ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಇಡೀ ವರದಿ ಇಳಿಸಿಕೊಂಡು ಓದಿದೆ. ಇರುವುದೆಲ್ಲ ಬರೀ ಲೆಕ್ಕ. ನಮ್ಮಲ್ಲಿ ಮನೆಮನೆಯ ಹಾಳೆ ಹೊರಗೆ ಬರುವುದಿಲ್ಲ, 1948ರ ಜನಗಣತಿ ಕಾಯ್ದೆ ಪ್ರಕಾರ ಅದು ಗೋಪ್ಯ. ಆದ್ದರಿಂದ ಆ ದಾರಿ ಮುಚ್ಚಿದೆ, ಅಲ್ಲಿ ಟೈಮ್ ಕಳೆಯಬೇಡಿ.

ಫ್ಯಾಮಿಲಿಸರ್ಚ್‌ನಲ್ಲಿ ಒಂದು ಎಚ್ಚರಿಕೆ. ಅಲ್ಲಿನ ವಂಶವೃಕ್ಷ ಎಲ್ಲರಿಗೂ ಸೇರಿ ಒಂದೇ, ಯಾರು ಬೇಕಾದರೂ ತಿದ್ದಬಹುದು. ನಾನು ಹಾಕಿದ ನಮ್ಮ ತಾತನನ್ನು ಇನ್ಯಾರೋ ಪುಣ್ಯಾತ್ಮ ಅದೇ ಹೆಸರಿನ ಬೇರೆಯವರ ಜೊತೆ ಸೇರಿಸಿ, ನನಗೆ ರಾತ್ರೋರಾತ್ರಿ ಹನ್ನೊಂದು ಜನ ಚಿಕ್ಕಪ್ಪಂದಿರು ಹುಟ್ಟಿಕೊಂಡರು. ಮರ ನೋಡಿ ನಂಬಬೇಡಿ, ಅದರ ಕೆಳಗೆ ದಾಖಲೆಯ ಚಿತ್ರ ಅಂಟಿಸಿದ್ದಾರಾ ನೋಡಿ. ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಎಲ್ಲರಿಗೂ ಕಾಣುವಂತೆ ಯಾವ ಸೈಟಿಗೂ ಹಾಕಬೇಡಿ, ಬ್ಯಾಂಕಿನವರು ಕೇಳೋ ಪ್ರಶ್ನೆಗಳೂ ಅವೇ ತಾನೇ.

ನಾಗಮಂಗಲದ ಕಡೆಯವನು

ಇಷ್ಟೆಲ್ಲ ಯಾಕೆ, ಹೆಳವರನ್ನು ಹಿಡೀರಿ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಅಲ್ಲಾಡಿಸುತ್ತಾ ಬರುತ್ತಿದ್ದರು. ನಮ್ಮ ಮನೆತನ ಎಲ್ಲಿಂದ ಬಂತು, ಯಾರ ಹೊಟ್ಟೆಯಲ್ಲಿ ಯಾರು ಅಂತ ಒಂದೇ ಉಸಿರಲ್ಲಿ ಹೇಳಿ, ರಾಗಿ ಅಳೆಸಿಕೊಂಡು ಹೋಗುತ್ತಿದ್ದರು. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಇಲ್ಲದಿದ್ದರೆ ಯಾತ್ರೆಗೆ ಬಂದವರ ವಂಶ ಬರೆದಿಡುವ ಪುರೋಹಿತರು, ಹರಿದ್ವಾರದ ಪಂಡರು, ಅವರ ಪುಸ್ತಕ ಇದೆಯಂತೆ, ಅದೂ ಆನ್‌ಲೈನ್ ಆಗಿದೆಯಂತೆ, ಅಲ್ಲಿ ಎಲ್ಲರದ್ದೂ ಸಿಗುತ್ತದಂತೆ.

ಮದ್ದೂರು ಟು ನ್ಯೂಜೆರ್ಸಿ

ಎಲ್ಲರದ್ದೂ ಅಲ್ಲ ಅಣ್ಣ. ಫ್ಯಾಮಿಲಿಸರ್ಚ್‌ನಲ್ಲಿ ಹರಿದ್ವಾರ, ಕುರುಕ್ಷೇತ್ರದ ಕಡೆಯ ಪಂಡರ ಬಹಿಗಳ, ಅಂದರೆ ಆ ಪುಸ್ತಕಗಳ, ಚಿತ್ರ ಇರುವುದು ನಿಜ. ಆದರೆ ಹೆಚ್ಚಿನವು ಉತ್ತರದ ಕುಟುಂಬಗಳವು. ನಿಮ್ಮ ಮನೆಯಿಂದ ಯಾರಾದರೂ ಅಲ್ಲಿಗೆ ಹೋಗಿ ಹೆಸರು ಬರೆಸಿದ್ದರೆ ತಾನೇ ಇರುವುದು. ಹೆಳವರ ಮಾತು ಒಪ್ಪಿದೆ.

ಗಂಜಾಂ ರಾಯಪ್ಪನ ಮೊಮ್ಮಗಳು

ನಾವು ಕ್ರೈಸ್ತರು, ಶ್ರೀರಂಗಪಟ್ಟಣದ ಕಡೆ. ನಮಗೆ ಜಮೀನಿಗಿಂತ ಚರ್ಚಿನ ರಿಜಿಸ್ಟರೇ ದಾರಿ. ಜ್ಞಾನಸ್ನಾನ, ಮದುವೆ, ಸಾವು ಮೂರಕ್ಕೂ ಬೇರೆ ಬೇರೆ ಪುಸ್ತಕ, ಕೇಳಿದರೆ ಫಾದರ್ ತೋರಿಸುತ್ತಾರೆ. 1799ರಲ್ಲಿ ಟಿಪ್ಪು ಬಿದ್ದಮೇಲೆ ಅಬ್ಬೆ ದುಬೊವಾ ಇಲ್ಲಿಗೆ ಬಂದು ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟು ಮಾಡಿದರು. ಅವರು ಪ್ಯಾರಿಸ್‌ನ ಮಿಷನ್ನಿನವರು. ಆ ಮಿಷನ್ನಿನ ಪಾದ್ರಿಗಳ ವಿವರ ಪ್ಯಾರಿಸ್‌ನ ಅವರ ದಾಖಲೆ ಸಂಸ್ಥೆಯ ಸೈಟಿನಲ್ಲಿದೆ. ಯಾವ ಪಾದ್ರಿ ಯಾವ ಕಾಲದಲ್ಲಿ ಯಾವ ಊರಲ್ಲಿದ್ದರು ಅಂತ ಅದರಲ್ಲಿ ನೋಡಬಹುದು, ಫ್ರೆಂಚಿನಲ್ಲಿದೆ ಅಷ್ಟೇ.

ನನಗೆ ಎರಡು ವರ್ಷ ತಿಂದ ತೊಡಕು ಹೆಸರಿನದು. ಮನೆಯಲ್ಲಿ ರಾಯಪ್ಪ ಅಂತ ಕರೆದವರು ರಿಜಿಸ್ಟರಲ್ಲಿ ಲ್ಯಾಟಿನ್‌ನಲ್ಲಿ ಪೆಟ್ರುಸ್. ಚಿನ್ನಪ್ಪ ಅಂದರೆ ಪೌಲುಸ್, ಅರುಳಪ್ಪ ಅಂದರೆ ಯೊವಾನ್ನೆಸ್. ನಾನು ರಾಯಪ್ಪನನ್ನೇ ಹುಡುಕುತ್ತಾ ಕೂತಿದ್ದೆ, ಪೆಟ್ರುಸ್ ಅದೇ ಪುಟದಲ್ಲಿ ನನ್ನನ್ನೇ ನೋಡುತ್ತಿದ್ದರು.

ಬ್ರಿಟಿಷ್ ಮೂಲದವರ, ಆಂಗ್ಲೋ ಇಂಡಿಯನ್ನರ ಕುಟುಂಬ ಆದರೆ ಫಿಬಿಸ್ ಅನ್ನುವ ಸೈಟು ಒಳ್ಳೆಯದು, ಹುಡುಕಲು ದುಡ್ಡಿಲ್ಲ. ಇಂಡಿಯಾ ಆಫೀಸಿನ (ಲಂಡನ್ನಿನಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಇಲಾಖೆ) ಚರ್ಚ್ ದಾಖಲೆಗಳಲ್ಲಿ ಮೈಸೂರಿನವು ಮದ್ರಾಸಿನ ಸರಣಿಯೊಳಗೆ ಸೇರಿವೆ. ಅಲ್ಲಿ ಮೈಸೂರು ಅಂತ ಹುಡುಕಿ ಸಿಗಲಿಲ್ಲ ಅಂತ ಎಷ್ಟೋ ಜನ ಎದ್ದು ಹೋಗುತ್ತಾರೆ. ಹಾಗೇ ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಅಂತ ಹೊಡೆಯಬೇಕು.

ಹಳೇ ಸರ್ವೇದಾರ

ಮೇಡಂ ಹೇಳಿದ ಊರ ಹೆಸರಿನ ಮಾತು ಹಿರೋಡೆ ಹೈದನಿಗೂ ಬೇಕು. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೂ ಹಿಂದಿನ ಯಾವ ಕಾಗದದಲ್ಲೂ ನಿಮ್ಮೂರು ಮೈಸೂರು ಜಿಲ್ಲೆಯೊಳಗೇ ಇರುತ್ತದೆ. ಪಾಂಡವಪುರ ಅನ್ನುವುದೂ ಆಮೇಲಿನ ಹೆಸರು. ಇಂಗ್ಲಿಷ್ ಕಡತದಲ್ಲಿ ಅದು ಫ್ರೆಂಚ್ ರಾಕ್ಸ್, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟ ಜಾಗ ಅಂತ. ಜನರ ಬಾಯಲ್ಲಿ ಹಿರೋಡೆ. ಕೃಷ್ಣರಾಜಪೇಟೆ ಅಂದರೆ ಹಿಂದಿನ ಅತ್ತಿಗುಪ್ಪೆ, ಕೃಷ್ಣರಾಜನಗರ ಅಂದರೆ ಎಡತೊರೆ. ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಸೈಟಿನಲ್ಲಿ ಮೈಸೂರು ರೆಸಿಡೆನ್ಸಿ (ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಾಗದಗಳನ್ನು ಹುಡುಕುವವರು ಈ ಹಳೇ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂರಬೇಕು.

ಮಳವಳ್ಳಿ ಸೀಮೆ

ಎಲ್ಲ ಸರಿ ಸಾರ್. ಸರ್ವೆ ನಂಬರ್ ಹಿಡಿದು ಹೋಗಿ ಅಂದಿರಿ. ಜಮೀನೇ ಇಲ್ಲದವರು ಏನು ಹಿಡಿದು ಹೋಗಬೇಕು? ನಮ್ಮ ತಾತ ಇನ್ನೊಬ್ಬರ ಹೊಲದಲ್ಲಿ ಜೀತಕ್ಕಿದ್ದವರು. ಪಹಣಿಯ 9ನೇ ಕಾಲಂನಲ್ಲಿ ನಮ್ಮವರ ಹೆಸರು ಇಲ್ಲ. ಹೀಗೆ ವಂಶದ ದಾಖಲೆ ಅಂತ ಮಾತು ಬಂದಾಗಲೆಲ್ಲ ನಮ್ಮ ಕೇರಿಯವರು ಎದ್ದು ಬೀಡಿ ಸೇದಕ್ಕೆ ಹೋಗುತ್ತಾರೆ.

ಹಳೇ ಸರ್ವೇದಾರ

ತಮ್ಮಾ, ನೀನು ಕೇಳಿದ್ದು ಸರಿ, ನಾನು ಮೊದಲೇ ಹೇಳಬೇಕಿತ್ತು. ಉಳ್ಳವರ ದಾಖಲೆ ನೋಡಿ ನೋಡಿ ನಮಗೆ ಅದೇ ಅಭ್ಯಾಸ ಆಗಿಬಿಟ್ಟಿದೆ.

9ನೇ ಕಾಲಂ ಬಿಟ್ಟು 12ನೇ ಕಾಲಂ ನೋಡು, ಅದು ಸಾಗುವಳಿ ಮಾಡುವವರ ಕಾಲಂ. 1974ಕ್ಕೂ ಹಿಂದಿನ ಕೈಬರಹದ ಪಹಣಿಯಲ್ಲಿ ಗೇಣಿದಾರರ ಹೆಸರು ಅಲ್ಲಿರಬಹುದು. ಭೂ ಸುಧಾರಣೆ ತಿದ್ದುಪಡಿ ಆದಮೇಲೆ ಗೇಣಿದಾರರು ಉಳುವ ಜಮೀನು ತಮಗೆ ಕೊಡಿ ಅಂತ ಫಾರಂ 7 ಅರ್ಜಿ ಕೊಟ್ಟರು, ಭೂ ನ್ಯಾಯಮಂಡಳಿ ಆದೇಶಗಳಲ್ಲಿ "ನಮ್ಮ ತಂದೆ ಕಾಲದಿಂದ ಉಳುತ್ತಿದ್ದೇವೆ" ಅಂತ ಹೇಳಿಕೆ ಇರುತ್ತವೆ, ಸಾಕ್ಷಿಗಳ ಹೆಸರೂ ಇರುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ತೋಟಿ, ತಳವಾರ, ನೀರಗಂಟಿ ಅಂತ ಊರ ಚಾಕರಿ ಕೆಲಸದಲ್ಲಿದ್ದರಾ? ಇದ್ದರೆ ಆ ಕೆಲಸಕ್ಕೆ ಕೊಟ್ಟಿದ್ದ ಇನಾಂ ಜಮೀನನ್ನು 1961ರ ಗ್ರಾಮ ಹುದ್ದೆ ರದ್ದು ಕಾಯ್ದೆ ಪ್ರಕಾರ ಹುದ್ದೆಯವರ ಕುಟುಂಬಕ್ಕೇ ಮರುಮಂಜೂರು ಮಾಡಿದ ಕಡತ ಇರುತ್ತದೆ. ಅದರಲ್ಲಿ ಹುದ್ದೆ ಯಾರಿಂದ ಯಾರಿಗೆ ಬಂತು ಅಂತ ನೋಡಬಹುದು. ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ, ಜಮೀನು ಆಗಿದ್ದರೆ ಸಾಗುವಳಿ ಚೀಟಿ ಮನೆಯಲ್ಲೇ ಟ್ರಂಕಿನಲ್ಲಿರುತ್ತದೆ. ಇದ್ಯಾವುದೂ ಬೆರಳ ತುದಿಗೆ ಆನ್‌ಲೈನ್ ಸಿಗುವುದಿಲ್ಲ, ಅದು ನಿಜ.

ಮಳವಳ್ಳಿ ಸೀಮೆ

ತಾತನ ತಂದೆ ತೋಟಿ ಕೆಲಸ ಮಾಡುತ್ತಿದ್ದರು ಅಂತ ಕೇಳಿದ್ದೇನೆ ಸಾರ್. ನೋಡುತ್ತೇನೆ.

ಲಷ್ಕರ್ ಮೊಹಲ್ಲಾ

ಚಿಕ್ಕದೊಂದು ಸೇರಿಸುತ್ತೇನೆ. ಮನೆಯಲ್ಲಿ ಯಾರಾದರೂ ಮೈಸೂರು ಲ್ಯಾನ್ಸರ್ಸ್ ಅನ್ನುವ ಕುದುರೆ ಪಡೆಯಲ್ಲಿದ್ದು ಮೊದಲ ಮಹಾಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಸೈಟು ನೋಡಿ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು ಕೂಡ ಇರುತ್ತದೆ. 1918 ಸೆಪ್ಟೆಂಬರ್ 23ರ ಹೈಫಾ ಕಾಳಗದವರನ್ನು ನಾನು ಅಲ್ಲೇ ಹುಡುಕುತ್ತಿರುವುದು. ಬದುಕಿ ಬಂದವರ ಹೆಸರು ಅದರಲ್ಲಿ ಇರುವುದಿಲ್ಲ.

ಹಿರೋಡೆ ಹೈದ

ಆರು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಸಿಕ್ಕಿತು!

ಪಹಣಿಯ 10ನೇ ಕಾಲಂನಿಂದ ತಾತನ ಪೌತಿಯ ಎಂ.ಆರ್. ಸುಲಭವಾಗಿ ಸಿಕ್ಕಿತು. ಅದರ ಹಿಂದಿನದಕ್ಕೆ ಕಚೇರಿಗೆ ನಾಲ್ಕು ಸಲ ಹೋದೆ. ಮೊದಲ ಸಲ ಸರ್ವರ್ ಇಲ್ಲ, ಎರಡನೇ ಸಲ ರೆಕಾರ್ಡ್ ರೂಮಿನವರು ರಜೆ, ಮೂರನೇ ಸಲ ಪುಸ್ತಕ ಸಿಕ್ಕಿತು ಆದರೆ ಬೇಕಾದ ಪುಟದ ಅರ್ಧ ಗೆದ್ದಲು ತಿಂದಿತ್ತು. ಅಷ್ಟಕ್ಕೇ ವಾಪಸ್ ಬರುತ್ತಿದ್ದೆ. ಆಗ ಸರ್ವೇದಾರ್ ಸಾರ್ ಹೇಳಿದ ಹಿಸ್ಸಾ ಮಾತು ನೆನಪಾಗಿ, ಪಕ್ಕದ ಹಿಸ್ಸಾದ ಎಂ.ಆರ್. ಯಾವುದು ಅಂತ ತೆಗೆಸಿದೆ. ಅದು ಬೇರೆ ಪುಸ್ತಕ, ಗೆದ್ದಲು ಮುಟ್ಟಿರಲಿಲ್ಲ. 1957-58ರದ್ದು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಒಂದಕ್ಕೊಂದು ಹೆಣೆದುಕೊಂಡು ಮೋಡಿ ಲಿಪಿ ತರ ಇದೆ, ಓದೋಕೆ ಅಲ್ಲಿನ ವಯಸ್ಸಾದ ಗುಮಾಸ್ತರೇ ಸಹಾಯ ಮಾಡಿದರು. "ಬೋರೇಗೌಡ ಬಿನ್ ಮರೀಗೌಡ ಪೌತಿಯಾಗಿದ್ದು" ಅಂತ ಶುರು. ಕೆಳಗೆ "ಸಣ್ಣಮ್ಮ ಕೋಂ ಬೋರೇಗೌಡ", ಅದರ ಪಕ್ಕ ಎಡಗೈ ಹೆಬ್ಬೆಟ್ಟು. ಹೆಬ್ಬೆಟ್ಟಿನ ಒಂದು ಕಡೆ ಶಾಯಿ ಜಾಸ್ತಿಯಾಗಿ ಹರಡಿಕೊಂಡಿದೆ, ಇನ್ನೊಂದು ಕಡೆ ಗೆರೆ ಗೆರೆ ಎಣಿಸಬಹುದು. ಫೋಟೋ ತೆಗೆಯಲು ಬಿಡಲಿಲ್ಲ, ನಕಲಿಗೆ ಹಾಕಿದ್ದೇನೆ. ಮಕ್ಕಳು ಮೂವರು ಅಂತ ಇಷ್ಟು ದಿನ ನಂಬಿದ್ದೆವು, ಅಲ್ಲಿ ನಾಲ್ವರಿದ್ದಾರೆ. ಆ ನಾಲ್ಕನೆಯವರು ಯಾರು ಅಂತ ಅಪ್ಪನಿಗೂ ಗೊತ್ತಿಲ್ಲ.

ಕಚೇರಿ ಹೊರಗೆ ನಿಂತೇ ಅಪ್ಪನಿಗೆ ಫೋನ್ ಮಾಡಿದೆ. ಸಣ್ಣಮ್ಮ ಅಂದ ತಕ್ಷಣ ಸುಮ್ಮನಾದರು. ಆಮೇಲೆ "ಅದಕ್ಕೇ ನಮ್ ಅಕ್ಕಂಗೆ ಆ ಹೆಸ್ರು ಇಟ್ಟಿರದು" ಅಂದರು. ನಮ್ಮ ದೊಡ್ಡ ಸೋದರತ್ತೆ ಹೆಸರು ಸಣ್ಣಮ್ಮ. ವಾರಕ್ಕೊಂದು ಸಲ ಕರೆಯೋ ಹೆಸರು!

ಒಂಟಿಕೊಪ್ಪಲ್ ಅಕ್ಕ

ಕಣ್ಣು ತುಂಬಿ ಬಂತಪ್ಪ. ಅತ್ತೆಯನ್ನು ಈ ಭಾನುವಾರವೇ ಹೋಗಿ ಮಾತಾಡಿಸು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಆದರೆ ಮೊದಲು ಕೇಳಿ ಒಪ್ಪಿಸು. ಆ ಗಾಡಿಗೆ ಹಾಕಿಕೊಂಡು ಬಂದ ಹಂಡೆ ಯಾರ ಮನೆಯಲ್ಲಿದೆ?

ಹಿರೋಡೆ ಹೈದ

ಅತ್ತೆ ಮನೆಯಲ್ಲೇ ಇತ್ತು ಅಕ್ಕ, ಹಿತ್ತಲ ಬಚ್ಚಲಲ್ಲಿ, ಮಸಿ ಹಿಡಿದು ಕರೀ ಬಂಡೆ ಆಗಿತ್ತು. ಅತ್ತೆ ಬೈಯುತ್ತಲೇ ಇದ್ದರು, ನಾನು ಹುಣಸೆಹಣ್ಣು ಉಪ್ಪು ಹಾಕಿ ಕಂಠದ ಸುತ್ತ ಒಂದು ಗಂಟೆ ಉಜ್ಜಿದೆ. ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಕಾಣಿಸಿತು. "ಕ. ಮ. ಬೋರೇಗೌಡ". ಮ ಅಂದರೆ ಮರೀಗೌಡ. ಕ ಅಂದರೆ ಊರು ತಾನೇ? ಕನ್ನಂಬಾಡಿನಾ ಸಾರ್?

ಹಳೇ ಸರ್ವೇದಾರ

ಆಗಲೇ ಕುಣಿಯಬೇಡಿ, ಕ ಅಕ್ಷರದ ಊರು ಅದೊಂದೇ ಅಲ್ಲ. ಮುಳುಗಡೆ ಜಮೀನಿನ ಭೂಸ್ವಾಧೀನ ಕಡತದಲ್ಲಿ ಖಾತೆದಾರರ ಹೆಸರು ಊರುವಾರು ಇರಬೇಕು. ಈಗ ನಿಮ್ಮ ಕೈಯಲ್ಲಿ ತಂದೆಯ ಹೆಸರೂ ಇದೆ, ಊರಿನ ಮೊದಲ ಅಕ್ಷರವೂ ಇದೆ. ಮೈಸೂರಿನಲ್ಲೇ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಮೊದಲು ಅಲ್ಲಿ ವಿಚಾರಿಸೋಣ. ಹೋಗುವ ದಿನ ಹೇಳಿ, ನಾನೂ ಬರುತ್ತೇನೆ. ಮಂಗಳವಾರ ಬೇಡ, ಅವತ್ತು ಮೊಮ್ಮಗಳನ್ನು ಸಂಗೀತ ಕ್ಲಾಸಿಗೆ ಬಿಡಬೇಕು. ಹಂಡೆಯ ಅಕ್ಷರಗಳ ಫೋಟೋ ಪಕ್ಕದಿಂದ ಬೆಳಕು ಬಿಟ್ಟು ಇನ್ನೊಂದು ತೆಗೆದು ತನ್ನಿ, ಕ ನೋ ತ ನೋ ಸರಿಯಾಗಿ ನೋಡಬೇಕು.